ಸಂಜೆ ಏಳರ ಬಸ್ಸಿನಿಂದ ಶುರು ಮಾಡಿ

ಪ್ರಶ್ನೆ: ನಾನು ಮಡಿಕೇರಿಯಲ್ಲಿರುವ ನಿವೃತ್ತ ಶಿಕ್ಷಕಿ. ಶನಿವಾರ, ಭಾನುವಾರ ಬಂತೆಂದರೆ ನಮ್ಮ ಪೇಟೆಯಲ್ಲಿ ರಸ್ತೆ ದಾಟುವುದೇ ಕಷ್ಟ. ರಾಜಾಸೀಟ್ ಕಡೆಯಿಂದ ಬಸ್ ಸ್ಟ್ಯಾಂಡ್‌ಗೆ ಬರುವಷ್ಟರಲ್ಲಿ ಆಟೋದವರಿಗೂ ಸಾಕಾಗಿ ಹೋಗುತ್ತದೆ. ನಮ್ಮ ಬಡಾವಣೆಯವರೆಲ್ಲ ಸೇರಿ ನಗರಸಭೆಗೆ ಒಂದು ಮನವಿ ಕೊಡೋಣ ಅಂತಿದ್ದಾರೆ. ರಸ್ತೆ ಅಗಲ ಮಾಡಿ, ಬಹುಮಹಡಿ ಪಾರ್ಕಿಂಗ್ ಕಟ್ಟಿ ಅಂತ ಕೇಳುವುದು. ಟೀಚರ್ ಆಗಿದ್ದವರು ಅಂತ ಬರೆಯುವ ಕೆಲಸ ನನಗೇ ಬಂದಿದೆ. ಆದರೆ ನನಗೆ ಕಾರಿಲ್ಲ, ನಾನು ನಡೆದೇ ಓಡಾಡುವವಳು. ನಮ್ಮ ಮನೆ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರು ಸಂಜೆ ಆರಾಗುವ ಮೊದಲೇ ಬಸ್ಸಿಗೆ ಓಡುತ್ತಾರೆ. ಅದು ತಪ್ಪಿದರೆ ಅವರ ಊರಿಗೆ ಬೇರೆ ಬಸ್ಸಿಲ್ಲ. ಈ ಮನವಿಯಿಂದ ಅವರಿಗೇನಾದರೂ ಉಪಯೋಗ ಆಗುತ್ತಾ? ನಾನು ಏನು ಬರೆಯಲಿ?

ಉತ್ತರ: ಟೀಚರ್, ನಿಮ್ಮ ಪತ್ರ ಓದಿ ಮುಗಿಸಿದ ಮೇಲೆ ಜಾಮ್‌ಗಿಂತ ಆ ಹುಡುಗಿಯರೇ ತಲೆಯಲ್ಲಿ ಉಳಿದರು. ಸಣ್ಣ ಪಟ್ಟಣಗಳ ಸಾರಿಗೆ ಯೋಜನೆ ಕೆಲಸದಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಳೆದಿದ್ದೇನೆ. ನಾನೂ ಕೊಡಗಿನಲ್ಲೇ ಬೆಳೆದದ್ದು, ಬಸ್ಸಿನಲ್ಲೇ ಶಾಲೆಗೆ ಹೋದದ್ದು. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ರಸ್ತೆ ಅಗಲ ಮಾಡಿ ಅಂತ ಬರೆಯಬೇಡಿ. ಬಹುಮಹಡಿ ಪಾರ್ಕಿಂಗ್ ಅಂತಲೂ ಬರೆಯಬೇಡಿ. ಸಂಜೆ ಏಳಕ್ಕೆ ಹಳ್ಳಿಗಳ ಕಡೆ ಬಸ್ಸು ಬೇಕು ಅಂತ ಮೊದಲ ಸಾಲು ಬರೆಯಿರಿ. ಉಳಿದದ್ದು ಅದರ ಹಿಂದೆ ಬರಲಿ.

ಯಾಕೆ ಅಂತ ನಿಮ್ಮ ಬಡಾವಣೆಯವರು ಕೇಳೇ ಕೇಳುತ್ತಾರೆ. ಅವರ ಮುಂದೆ ನೀವು ನಿಲ್ಲಬೇಕಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬಯಲುಸೀಮೆಯಲ್ಲಿ ರಸ್ತೆ ಅಗಲ ಮಾಡುವುದೆಂದರೆ ಪಕ್ಕದ ಜಾಗ ಹಿಡಿಯುವುದು. ನಮ್ಮಲ್ಲಿ ಬರೆ, ಅಂದರೆ ರಸ್ತೆ ಪಕ್ಕದಲ್ಲಿ ಎದ್ದು ನಿಂತ ಗುಡ್ಡದ ಮಣ್ಣು, ಕಡಿಯಬೇಕು. ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಕಾಗದದ ಮೇಲೆ ಗೆರೆ ಎಳೆದು ನೋಡಿ. ಗುಡ್ಡದ ಇಳಿಜಾರು 30 ಡಿಗ್ರಿ ಇದೆ ಅಂತ ಇಟ್ಟುಕೊಳ್ಳಿ. ರಸ್ತೆಗೆ 10 ಅಡಿ ಸೇರಿಸಬೇಕು. ಬರೆಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಅದರ ಎತ್ತರ ಸುಮಾರು 6 ಅಡಿ. ಇಷ್ಟೇನಾ ಅನಿಸುತ್ತದೆ. ಆದರೆ ನಮ್ಮ ಮಣ್ಣು ನೆಟ್ಟಗೆ ಕಡಿದರೆ ನಿಲ್ಲುವುದಿಲ್ಲ. ಒಂದು ಜೋರು ಮಳೆಗೆ ಜರಿದು ರಸ್ತೆ ಮೇಲೆ ಬಂದು ಕೂರುತ್ತದೆ. ಮಣ್ಣು ನಿಲ್ಲಲಿ ಅಂತ 45 ಡಿಗ್ರಿ ಓರೆಯಾಗಿ ಕಡಿಯಿರಿ. ಆಗ ಬರೆಯ ಎತ್ತರ ಸುಮಾರು 14 ಅಡಿಗೆ ಏರುತ್ತದೆ. ಗುಡ್ಡದ ಒಳಗೆ 24 ಅಡಿ ಹೋಗಬೇಕಾಗುತ್ತದೆ. 10 ಅಡಿ ರಸ್ತೆಗೆ 24 ಅಡಿ ಗುಡ್ಡ! ಆ 24 ಅಡಿಯಲ್ಲಿ ಯಾರದೋ ಮನೆಯ ಹಿತ್ತಿಲು ಇರುತ್ತದೆ, ನೀರಿನ ಪೈಪು ಇರುತ್ತದೆ, ಎಷ್ಟೋ ಕಡೆ ಮೇಲಿನ ರಸ್ತೆಯ ಬುಡವೂ ಇರುತ್ತದೆ. ಮಡಿಕೇರಿಯಲ್ಲಿ ಒಂದು ರಸ್ತೆಯ ಬರೆ ಅಂದರೆ ಇನ್ನೊಂದು ರಸ್ತೆಯ ಅಡಿಪಾಯ.

2018ರ ಆಗಸ್ಟ್‌ನ ಭೂಕುಸಿತ ನಿಮಗೆ ನೆನಪು ಮಾಡಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಅಂದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ವಾರಗಟ್ಟಲೆ ಬಂದ್ ಆಗಿತ್ತು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿ, ವಿಪರೀತ ಮಳೆಯ ಜೊತೆಗೆ ಇಳಿಜಾರು ಕಡಿದು ರಸ್ತೆ, ಕಟ್ಟಡ ಮಾಡಿದ್ದನ್ನೂ ಕಾರಣವಾಗಿ ಹೇಳಿದರು. 2022ರ ಮಳೆಗಾಲದಲ್ಲಿ ಜಿಲ್ಲಾಧಿಕಾರಿ ಕಚೇರಿಯ ತಡೆಗೋಡೆ ಉಬ್ಬಿಕೊಂಡು, ಕೆಳಗಿನ ಮಂಗಳೂರು ರಸ್ತೆ ಮುಚ್ಚಿ, ಗಾಡಿಗಳನ್ನು ಮೇಕೇರಿ ಕಡೆಯಿಂದ ಬಿಟ್ಟರು. 18,500 ಕೆ.ಜಿ.ಗಿಂತ ಭಾರದ ಸರಕು ಗಾಡಿ ಮಳೆಗಾಲದಲ್ಲಿ ಬರಬಾರದು ಅಂತ ಜಿಲ್ಲಾಡಳಿತವೇ ಆದೇಶ ಹೊರಡಿಸಿದ್ದೂ ಇದೆ. ಈಗಿರುವ ರಸ್ತೆಯ ಭಾರವನ್ನೇ ಹೊರಲು ಗುಡ್ಡಕ್ಕೆ ಕಷ್ಟ ಆಗುತ್ತಿದೆ ಅಂತ ತಾನೇ ಇದರ ಅರ್ಥ? ಅಂಥ ಗುಡ್ಡದ ಬುಡಕ್ಕೆ ಮತ್ತೆ ಜೆಸಿಬಿ ಹಚ್ಚಿ ಅಂತ ನಾವೇ ಕೈಯಾರೆ ಅರ್ಜಿ ಬರೆದುಕೊಡುವುದು ನನಗಂತೂ ಆಗದ ಮಾತು.

ಸರಿ, ಗುಡ್ಡ ಗಟ್ಟಿಯಾಗಿಯೇ ನಿಂತಿತು ಅಂದುಕೊಳ್ಳೋಣ. ಆಗಲಾದರೂ ಜಾಮ್ ಕಡಿಮೆ ಆಗುತ್ತಾ? ಸ್ವಲ್ಪ ದಿನ ಆಗುತ್ತದೆ. ಆಮೇಲೆ ಮತ್ತೆ ಅಷ್ಟೇ. ಆಂಟನಿ ಡೌನ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1962ರಲ್ಲೇ ಇದನ್ನು ಹೇಳಿದ್ದರು. ನಗರದ ಹೆದ್ದಾರಿ ಎಷ್ಟೇ ದೊಡ್ಡದು ಮಾಡಿ, ಜನ ಹೆಚ್ಚು ಓಡಾಡುವ ಹೊತ್ತಿನಲ್ಲಿ ಅದು ತುಂಬಿಕೊಳ್ಳುತ್ತದೆ ಅಂತ. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅಮೆರಿಕದ ನಗರಗಳ ಲೆಕ್ಕ ತೆಗೆದು ನೋಡಿದರು. ರಸ್ತೆಯ ಉದ್ದ ಅಗಲ ಎಷ್ಟು ಪಾಲು ಹೆಚ್ಚಾಯಿತೋ, ಗಾಡಿಗಳ ಓಡಾಟವೂ ಹೆಚ್ಚು ಕಡಿಮೆ ಅಷ್ಟೇ ಪಾಲು ಹೆಚ್ಚಾಗಿತ್ತು.

ಅಮೆರಿಕದವರೆಗೆ ಯಾಕೆ ಹೋಗಬೇಕು, ನಮ್ಮ ಕಣ್ಣೆದುರಿಗೇ ಇದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. 118 ಕಿಲೋಮೀಟರ್. ಅದಕ್ಕಿಂತ ಮುಂಚೆ ಬೆಂಗಳೂರಿನವರು ಮಡಿಕೇರಿಗೆ ಹೊರಡಬೇಕಾದರೆ ಮೂರು ದಿನದ ರಜೆ ನೋಡಿಕೊಳ್ಳುತ್ತಿದ್ದರು. ಈಗ ಶುಕ್ರವಾರ ರಾತ್ರಿ ಊಟ ಮಾಡುತ್ತಾ ತೀರ್ಮಾನ ಮಾಡಿ, ಶನಿವಾರ ಬೆಳಿಗ್ಗೆ ಬಂದು, ಭಾನುವಾರ ವಾಪಸ್ ಹೋಗುತ್ತಾರೆ. ದಾರಿ ಸಲೀಸಾದಾಗ ಯಾರು ಬೇಕಾದರೂ ಹಾಗೆಯೇ ಮಾಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಅಷ್ಟು ಅಗಲದ ರಸ್ತೆಯಲ್ಲಿ ಹೊರಟ ಕಾರುಗಳು ಕೊನೆಗೆ ಬಂದು ಸೇರುವುದು 2011ರ ಜನಗಣತಿಯಲ್ಲಿ 33,381 ಜನ ಇದ್ದ, ಗುಡ್ಡದ ಮೇಲೆ ಕೂತ ಒಂದು ಪೇಟೆಗೆ. ದೊಡ್ಡ ಆಲಿಕೆಯ ಕೆಳಗೆ ಸಣ್ಣ ಬಾಟಲಿ ಇಟ್ಟ ಹಾಗೆ. ಬಾಟಲಿಯ ಬಾಯಿ ಒಂದಿಂಚು ದೊಡ್ಡದು ಮಾಡಿದರೂ ಒಳಗೆ ಹಿಡಿಸುವುದು ಅಷ್ಟೇ.

ಪಾರ್ಕಿಂಗ್ ಕಟ್ಟಡದ್ದೂ ಇದೇ ಕಥೆ. ಒಂದು ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ಬೇಕು. ಅದು ಒಳಗೆ ಬಂದು, ತಿರುಗಿ, ಹೊರಗೆ ಹೋಗುವ ದಾರಿ ಸೇರಿಸಿದರೆ 25 ಚದರ ಮೀಟರ್ ಹತ್ತಿರ ಆಗುತ್ತದೆ. ಒಂದು ಎಕರೆ ಸಮತಟ್ಟು ಜಾಗದಲ್ಲಿ ಒಂದು ಮಹಡಿಗೆ ಸುಮಾರು 160 ಕಾರು. ಒಂದೊಂದರಲ್ಲಿ ನಾಲ್ಕು ಜನ ಬಂದರೂ 640 ಜನ ಆಯಿತು. ಅಷ್ಟು ಜನರನ್ನು 50 ಸೀಟಿನ 13 ಬಸ್ಸುಗಳು ತರುತ್ತವೆ. ಮಡಿಕೇರಿಯಲ್ಲಿ ಒಂದು ಎಕರೆ ಸಮತಟ್ಟು ಜಾಗ ಎಲ್ಲಿದೆ ಅಂತ ನೀವೇ ಯೋಚಿಸಿ. ಗಾಂಧಿ ಮೈದಾನದಂಥ ಜಾಗವನ್ನು ಬಿಟ್ಟರೆ ಬೆರಳೆಣಿಕೆಯಷ್ಟೂ ಸಿಗುವುದಿಲ್ಲ. ಅದನ್ನೂ ಕಾರಿಗೆ ಕೊಟ್ಟರೆ ಮಕ್ಕಳು ಎಲ್ಲಿ ಆಡಬೇಕು? ಪೇಟೆ ನಡುವೆ ಪಾರ್ಕಿಂಗ್ ಕಟ್ಟಿದರೆ 'ಕಾರು ಸೀದಾ ಒಳಗೆ ತನ್ನಿ, ಜಾಗ ಇದೆ' ಅಂತ ಬೋರ್ಡ್ ಹಾಕಿದ ಹಾಗೂ ಆಗುತ್ತದೆ.

2006ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ನಗರ ಸಾರಿಗೆ ನೀತಿ ತಂದಿತು. ಅದರ ತಿರುಳು ಒಂದೇ ಮಾತು: ಯೋಜನೆ ಮಾಡುವಾಗ ಜನ ಓಡಾಡುವುದನ್ನು ನೋಡಿ, ಗಾಡಿ ಓಡಾಡುವುದನ್ನು ನೋಡಬೇಡಿ. ನಿಮ್ಮ ಮನವಿಯಲ್ಲಿ ಇದನ್ನು ಒಂದು ಸಾಲು ಸೇರಿಸಿ. ಅಧಿಕಾರಿಗಳಿಗೆ ಸರ್ಕಾರದ್ದೇ ನೀತಿ ತೋರಿಸಿದರೆ ಮಾತು ಮುಂದೆ ಹೋಗುತ್ತದೆ.

ಈಗ ಬಸ್ಸಿಗೆ ಬರೋಣ. ನನ್ನ ಪ್ರಕಾರ ಇಡೀ ವಿಷಯದ ಜೀವ ಇರುವುದು ಇಲ್ಲಿ.

ಕೊಡಗಿಗೆ ರೈಲಿಲ್ಲ. ಜಿಲ್ಲೆಯ ಯಾವ ಮೂಲೆಗೆ ಹೋಗಬೇಕಾದರೂ ರಸ್ತೆಯೇ ಗತಿ. 2011ರ ಲೆಕ್ಕದಲ್ಲಿ ಇಲ್ಲಿ ಚದರ ಕಿಲೋಮೀಟರಿಗೆ 135 ಜನ. ಊರು ಅಂದರೆ ಒಂದೇ ಕಡೆ ಸಾಲು ಮನೆ ಇರುವುದಿಲ್ಲ. ತೋಟದ ನಡುವೆ ಒಂದು ಮನೆ, ಫರ್ಲಾಂಗ್ ದೂರದಲ್ಲಿ ಇನ್ನೊಂದು, ಆಚೆ ತೋಟದ ಕಾರ್ಮಿಕರ ಲೈನ್ ಮನೆಗಳು. ಬಸ್ಸು ತುಂಬುವಷ್ಟು ಜನ ಒಂದೇ ಸ್ಟಾಪಿನಲ್ಲಿ ಸಿಗುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ರಶ್, ಮಧ್ಯಾಹ್ನ ಖಾಲಿ. ಇದರಿಂದಾಗಿಯೇ ಬಸ್ಸಿನವರು ಆರು ಗಂಟೆಯ ಮೇಲಿನ ಟ್ರಿಪ್ ಅಂದರೆ ಹಿಂದೇಟು ಹಾಕುತ್ತಾರೆ. ಹೋಗುವಾಗ ಜನ ಇರುತ್ತಾರೆ, ವಾಪಸ್ ಬರುವಾಗ ಡ್ರೈವರ್, ಕಂಡಕ್ಟರ್ ಇಬ್ಬರೇ. ಡೀಸೆಲ್ ಎರಡು ಕಡೆಗೂ ಬೇಕಲ್ಲ.

ಬಸ್ಸಿಲ್ಲ ಅಂತ ಜನ ಸ್ಕೂಟರ್ ತೆಗೆದುಕೊಳ್ಳುತ್ತಾರೆ. ಸ್ವಲ್ಪ ಅನುಕೂಲ ಆದವರು ಕಾರು ತೆಗೆದುಕೊಳ್ಳುತ್ತಾರೆ. ಆಮೇಲೆ ಬಸ್ಸಿಗೆ ಇನ್ನೂ ಜನ ಕಡಿಮೆ. ಇದ್ದ ಇನ್ನೊಂದು ಟ್ರಿಪ್ಪೂ ನಿಲ್ಲುತ್ತದೆ. ಕೊನೆಗೆ ಉಳಿಯುವವರು ಸ್ಕೂಟರ್ ಕೊಳ್ಳಲು ಆಗದವರು, ಓಡಿಸಲು ಬಾರದವರು, ವಯಸ್ಸಾದವರು, ಮಕ್ಕಳು. ನಿಮ್ಮ ಬಟ್ಟೆ ಅಂಗಡಿಯ ಹುಡುಗಿಯರು.

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯ ಯೋಜನೆ, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಕೊಡಗಿನ ಒಳಗಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸೇ. ದಿನಾ ಎರಡು ಹೊತ್ತು ದುಡ್ಡು ಕೊಟ್ಟು ಹೋಗುವವಳಿಗೆ ತಿಂಗಳ ಸಂಬಳದಲ್ಲಿ ಅದೊಂದು ದೊಡ್ಡ ತುಂಡು. ಆದ್ದರಿಂದ ಸರ್ಕಾರಿ ಬಸ್ಸು ಕೇಳುವುದಕ್ಕೆ ನಿಮಗೆ ಬಲವಾದ ಕಾರಣ ಇದೆ. ಹಾಗಂತ ಖಾಸಗಿ ಬಸ್ಸಿನವರನ್ನು ದೂರ ಮಾಡಬೇಡಿ. ಸರ್ಕಾರಿ ಬಸ್ಸು ಹೋಗದ ಎಷ್ಟೋ ಊರುಗಳಿಗೆ ವರ್ಷಗಟ್ಟಲೆ ಹೋಗಿ ಬಂದವರು ಅವರು.

ಏಳರ ಬಸ್ಸನ್ನು ಹೇಗೆ ಕೇಳುವುದು ಅಂತ ನನ್ನ ಅನುಭವದಿಂದ ಹೇಳುತ್ತೇನೆ. ಮಲೆನಾಡಿನ ಇನ್ನೊಂದು ಪಟ್ಟಣದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ನಾಲ್ಕು ಜನ ಹೆಂಗಸರು ನನ್ನ ಹತ್ತಿರ ಬಂದಿದ್ದರು. ಎರಡು ವರ್ಷದಿಂದ ಅರ್ಜಿ ಕೊಡುತ್ತಿದ್ದೇವೆ, ಯಾರೂ ಕೇಳುತ್ತಿಲ್ಲ ಅಂದರು. ಅರ್ಜಿ ನೋಡಿದೆ. 'ನಮ್ಮ ಊರಿಗೆ ಬಸ್ ವ್ಯವಸ್ಥೆ ಕಲ್ಪಿಸಬೇಕಾಗಿ ವಿನಂತಿ' ಅಂತ ಇತ್ತು, ಅಷ್ಟೇ. ಡಿಪೋ ಮ್ಯಾನೇಜರ್ ಮೇಜಿನ ಮೇಲೆ ಇಂಥ ಅರ್ಜಿಗಳ ಒಂದು ಕಟ್ಟೇ ಇರುತ್ತದೆ. ಅವರು ಮೇಲಿನವರಿಗೆ ಲೆಕ್ಕ ಕೊಡಬೇಕು. ಒಂದು ಕಿಲೋಮೀಟರ್ ಓಡಿಸಿದರೆ ಎಷ್ಟು ಬರುತ್ತೆ, ಎಷ್ಟು ಖರ್ಚಾಗುತ್ತೆ ಅಂತ. ಅದಕ್ಕೆ ಬೇಕಾದ ಮಾಹಿತಿ ಅರ್ಜಿಯಲ್ಲಿ ಇಲ್ಲದಿದ್ದರೆ ಅವರಾದರೂ ಏನು ಮಾಡುತ್ತಾರೆ?

ಆ ಹೆಂಗಸರಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಪುಟಕ್ಕೆ ನಾಲ್ಕು ಗೆರೆ ಎಳೆದೆವು. ದಿನಾಂಕ, ಹೊತ್ತು, ಯಾವ ಸ್ಟಾಪಿಗೆ ಹೋಗಬೇಕು, ಬಸ್ಸಿಲ್ಲದೆ ಹೇಗೆ ಹೋದರು. ಸಂಜೆ ಆರರಿಂದ ಏಳೂವರೆವರೆಗೆ ಬಸ್ ಸ್ಟ್ಯಾಂಡಿನ ಒಂದು ಕಂಬದ ಕೆಳಗೆ ಸರದಿ ಮೇಲೆ ಕೂತರು. ಎರಡು ವಾರ. ಹೆಸರು ಬರೆಯಲಿಲ್ಲ, ಯಾರಿಗೂ ಸಹಿ ಕೇಳಲಿಲ್ಲ. ಕೊನೆಯ ಗೆರೆಯ ಕೆಳಗೆ ಬರೆದದ್ದು ಇನ್ನೂ ನೆನಪಿದೆ: 'ಅಣ್ಣ ಬಂದು ಕರೆದುಕೊಂಡು ಹೋದ', 'ಪಿಕಪ್ ಜೀಪಿನಲ್ಲಿ ನಿಂತು', 'ಚಿಕ್ಕಮ್ಮನ ಮನೆಯಲ್ಲೇ ಉಳಿದಳು', 'ನಡೆದು, ಟಾರ್ಚ್ ಇತ್ತು'. ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ ಡಿಪೋದಲ್ಲಿ ಇಟ್ಟರು. ಮ್ಯಾನೇಜರ್ ಪುಟ ತಿರುಗಿಸುತ್ತಾ ಹೋದರು. 'ನಡೆದು' ಎಂದು ಬರೆದಲ್ಲೆಲ್ಲ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿದರು.

ಅವರು ಕೊಟ್ಟ ಪರಿಹಾರ ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ, ನೈಟ್ ಹಾಲ್ಟ್ ಬಸ್ಸು. ಸಂಜೆ ಏಳಕ್ಕೆ ಬಸ್ಸು ಪೇಟೆ ಬಿಟ್ಟು ಕೊನೆಯ ಊರಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗುತ್ತಾರೆ. ಬೆಳಿಗ್ಗೆ ಆರೂವರೆಗೆ ಅದೇ ಬಸ್ಸು ಕಾಲೇಜು ಮಕ್ಕಳನ್ನೂ ಕೆಲಸಕ್ಕೆ ಹೋಗುವವರನ್ನೂ ಹತ್ತಿಸಿಕೊಂಡು ವಾಪಸ್ ಬರುತ್ತದೆ. ಖಾಲಿ ಟ್ರಿಪ್ ಎಂಬುದೇ ಇಲ್ಲ. ಇದಕ್ಕೆ ಅಡ್ಡ ಬರುವುದು ಡೀಸೆಲ್ ಅಲ್ಲ, ಮಲಗುವ ಜಾಗ. ಎಷ್ಟೋ ಊರಿನಲ್ಲಿ ಸಿಬ್ಬಂದಿ ಬಸ್ಸಿನ ಸೀಟಿನ ಮೇಲೇ ಮಲಗುತ್ತಾರೆ, ಬೆಳಿಗ್ಗೆ ಶೌಚಾಲಯಕ್ಕೆ ಹೋಗಲು ಜಾಗ ಇರುವುದಿಲ್ಲ. ಜುಲೈ ಚಳಿಯಲ್ಲಿ, ಸೋರುವ ಬಸ್ಸಿನಲ್ಲಿ, ಯಾರು ತಾನೇ ಒಪ್ಪುತ್ತಾರೆ? ಆ ಊರಿನ ಪಂಚಾಯಿತಿಯವರು ಹಳೆಯ ಕಟ್ಟಡದ ಒಂದು ರೂಮಿಗೆ ಸುಣ್ಣ ಬಳಿದು, ಎರಡು ಮಂಚ ಹಾಕಿ, ಬೀಗದ ಕೈ ಡಿಪೋಗೆ ಕೊಟ್ಟರು. ಆಮೇಲೆ ಬಸ್ಸು ಬಂತು.

ಬಸ್ಸಿನ ಮಾತು ಬಿಟ್ಟರೆ ನೀವು ಪಟ್ಟು ಹಿಡಿಯಬೇಕಾದದ್ದು ಫುಟ್‌ಪಾತ್‌ಗೆ. ಬಸ್ಸು ಹತ್ತುವವರೆಲ್ಲ ಮೊದಲು ನಡೆಯುವವರೇ. ರಸ್ತೆ ಹೇಗಿರಬೇಕು ಅಂತ ಮಾನದಂಡ ಬರೆಯುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ 2012ರ ಮಾರ್ಗಸೂಚಿ ಪ್ರಕಾರ ನಡೆಯಲು ಅಡ್ಡಿ ಇಲ್ಲದ ಜಾಗ ಕಡಿಮೆ ಎಂದರೂ 1.8 ಮೀಟರ್ ಇರಬೇಕು. ಎದುರುಬದುರು ಬರುವ ಇಬ್ಬರು ಕೊಡೆ ಹಿಡಿದು ದಾಟಲು ಬೇಕಾಗುವಷ್ಟು ಅಗಲ ಅದು. ಹೋದ ಸಲ ಊರಿಗೆ ಬಂದಾಗ ಪೇಟೆಯ ಒಂದು ರಸ್ತೆಯಲ್ಲಿ ಟೇಪ್ ಹಿಡಿದು ನಡೆದೆ. ಶುರುವಿನಲ್ಲಿ ನಾಲ್ಕು ಅಡಿ ಇತ್ತು. ಹತ್ತು ಹೆಜ್ಜೆ ಹೋದ ಮೇಲೆ ಒಂದು ಲೈಟ್ ಕಂಬ, ಅಲ್ಲಿ ಒಂದೂವರೆ ಅಡಿ. ಮುಂದೆ ಅಂಗಡಿಯ ಇಳಿಜಾರು ಕಟ್ಟೆ, ಅದರ ಮೇಲೆ ಮೂರು ಸ್ಕೂಟರ್. ಆಮೇಲೆ ಚರಂಡಿಯ ಒಂದು ಚಪ್ಪಡಿ ಓರೆಯಾಗಿ ಎದ್ದು ನಿಂತಿತ್ತು, ಅದರ ಮೇಲೆ ಪಾಚಿ. ನನ್ನ ಮುಂದೆ ಹೋಗುತ್ತಿದ್ದ ಅಜ್ಜಿಯೊಬ್ಬರು ಆ ಚಪ್ಪಡಿ ಹತ್ತಿರ ಬಂದೊಡನೆ, ನೋಡದೆಯೇ, ಅಭ್ಯಾಸದಿಂದ ರಸ್ತೆಗೆ ಇಳಿದರು. ಹಿಂದಿನಿಂದ ಬಂದ ಜೀಪು ಹಾರ್ನ್ ಮಾಡಿತು. ಅವರು ತಿರುಗಿಯೂ ನೋಡಲಿಲ್ಲ. ದಿನಾ ಅದೇ ಆಗಿದ್ದರೆ ಯಾರು ತಿರುಗಿ ನೋಡುತ್ತಾರೆ?

ನಮಗೆ ಬೇಕಾಗಿರುವುದು ಟೈಲ್ಸ್ ಹಾಕಿದ ಅಂದದ ಫುಟ್‌ಪಾತ್ ಏನೂ ಅಲ್ಲ. ಬಸ್ ಸ್ಟ್ಯಾಂಡ್‌ನಿಂದ ಚೌಕಿವರೆಗೆ, ಅಲ್ಲಿಂದ ಆಸ್ಪತ್ರೆ, ಶಾಲೆ, ಶುಕ್ರವಾರದ ಸಂತೆವರೆಗೆ ಎಲ್ಲೂ ತುಂಡಾಗದ ಒಂದು ದಾರಿ. ಮಳೆಗೆ ಜಾರದ ಕಲ್ಲು. ಮೇಲಿನ ರಸ್ತೆಯಿಂದ ಕೆಳಗಿನ ರಸ್ತೆಗೆ ಇಳಿಯುವ ಮೆಟ್ಟಿಲುಗಳಿಗೆ ಹಿಡಿದುಕೊಳ್ಳಲು ಕಂಬಿ, ರಾತ್ರಿಗೆ ದೀಪ. ಬೆಟ್ಟದ ಊರಿಗೆ ಮೆಟ್ಟಿಲು ದಾರಿಯಂಥ ಅನುಕೂಲ ಇನ್ನೊಂದಿಲ್ಲ. ಗಾಡಿ ಸುತ್ತಿ ಬರುವ ಜಾಗಕ್ಕೆ ಕಾಲ್ನಡಿಗೆಯಲ್ಲಿ ಎರಡೇ ನಿಮಿಷ. ಇದಕ್ಕೆಲ್ಲ ತಡೆಗೋಡೆ ಕಟ್ಟುವಷ್ಟು ದುಡ್ಡು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಂದು ಲೆಕ್ಕವನ್ನೂ ಮನವಿಗೆ ಸೇರಿಸಿಕೊಳ್ಳಿ. 50 ಕಿ.ಮೀ. ವೇಗದ ಕಾರು ಬಡಿಯುವುದಕ್ಕಿಂತ 65 ಕಿ.ಮೀ. ವೇಗದ ಕಾರು ಬಡಿದರೆ ನಡೆಯುವವರು ಸಾಯುವ ಸಂಭವ ನಾಲ್ಕೂವರೆ ಪಟ್ಟು. ರಸ್ತೆ ಅಗಲವಾದ ಕಡೆ ಗಾಡಿ ವೇಗವಾಗಿಯೇ ಹೋಗುತ್ತದೆ. ಶಾಲೆ ಬಿಡುವ ಹೊತ್ತಿನಲ್ಲಿ ಅದನ್ನು ನೆನಪಿಸಿಕೊಂಡರೆ ಸಾಕು.

ಹಾಗಾದರೆ ವೀಕೆಂಡ್ ಕಾರುಗಳನ್ನು ಏನು ಮಾಡುವುದು? ಇದಕ್ಕೆ ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ. ಮೈಸೂರಿನವರು ಆಷಾಢ ಶುಕ್ರವಾರ ಏನು ಮಾಡುತ್ತಾರೆ? ಚಾಮುಂಡಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಕಾರು ನಿಲ್ಲಿಸಿ ಬಸ್ಸು ಹತ್ತಬೇಕು. ದೊಡ್ಡವರು ಚಿಕ್ಕವರು ಎಲ್ಲ ಹತ್ತುತ್ತಾರೆ. ತುಲಾ ಸಂಕ್ರಮಣಕ್ಕೆ ಭಾಗಮಂಡಲದಿಂದ ತಲಕಾವೇರಿಗೆ, ಆ 8 ಕಿಲೋಮೀಟರಿಗೆ, ಬಸ್ಸು ಬಿಡುವುದನ್ನು ನಾವೇ ನೋಡಿದ್ದೇವೆ. ನಮ್ಮ ದಸರಾ ರಾತ್ರಿ ಹತ್ತು ಮಂಟಪ ಹೊರಡುವಾಗ ಕಾರು ದೂರದಲ್ಲಿ ಬಿಟ್ಟು ನಡೆದು ಬಂದು ಬೆಳಗಿನ ಜಾವದವರೆಗೆ ನಿಲ್ಲುವುದಿಲ್ವಾ? ವರ್ಷಕ್ಕೆ ಒಂದು ರಾತ್ರಿ ಆಗುವುದು, ಶನಿವಾರ ಭಾನುವಾರವೂ ಆಗಬಹುದು.

ಕುಶಾಲನಗರ ಕಡೆಯಿಂದ ಬರುವವರಿಗೆ ಪೇಟೆಗೆ ಮುಂಚೆಯೇ ಒಂದು ಕಡೆ, ವಿರಾಜಪೇಟೆ ಕಡೆಯವರಿಗೆ ಇನ್ನೊಂದು ಕಡೆ ಕಾರು ನಿಲ್ಲಿಸಲು ಜಾಗ. ಅಲ್ಲಿಂದ ರಾಜಾಸೀಟ್, ಕೋಟೆ, ಓಂಕಾರೇಶ್ವರ, ಅಬ್ಬಿಗೆ ಹದಿನೈದು ನಿಮಿಷಕ್ಕೊಂದು ಮಿನಿ ಬಸ್ಸು. ಪೇಟೆ ಒಳಗೇ ಕಾರು ನಿಲ್ಲಿಸುತ್ತೇನೆ ಅನ್ನುವವರಿಗೆ ಗಂಟೆ ಲೆಕ್ಕದಲ್ಲಿ ಒಳ್ಳೆಯ ದುಡ್ಡು ಹಾಕಿ, ಆ ದುಡ್ಡನ್ನು ಮಿನಿ ಬಸ್ಸಿಗೇ ಕೊಡಲಿ. ಹೋಂ ಸ್ಟೇಗೆ ಹೋಗುವವರು ಬುಕ್ಕಿಂಗ್ ತೋರಿಸಿ ಹೋಗಲಿ. ಹೆಚ್ಚಿನ ಹೋಂ ಸ್ಟೇಗಳು ಹೇಗೂ ಪೇಟೆ ಆಚೆಯೇ ಇವೆ.

ತಮಿಳುನಾಡಿನಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಹೋಗುವ ಗಾಡಿಗೆ ಇ-ಪಾಸ್ ಬೇಕು. 2025ರ ಏಪ್ರಿಲ್‌ನಿಂದ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯ 8,000 ಗಾಡಿ ಅಂತ ಮಿತಿ ಹಾಕಿದರು. ಸ್ಥಳೀಯರ ಗಾಡಿಗೂ ಸರ್ಕಾರಿ ಬಸ್ಸಿಗೂ ಆ ಮಿತಿ ಇಲ್ಲ. ಮಹಾರಾಷ್ಟ್ರದ ಬೆಟ್ಟದ ಊರು ಮಾಥೇರಾನ್‌ನಲ್ಲಂತೂ ಪ್ರವಾಸಿಗರ ಕಾರು ಊರ ಹೊರಗಿನ ದಸ್ತೂರಿ ನಾಕಾ ದಾಟುವ ಹಾಗೇ ಇಲ್ಲ. ನನಗೆ ಪಾಸಿಗಿಂತ ಬಸ್ಸಿನ ದಾರಿ ಹೆಚ್ಚು ಇಷ್ಟ. ಪಾಸ್ ಕೊಟ್ಟರೆ ಎಷ್ಟು ಕಾರು ಅಂತ ಮಾತ್ರ ತೀರ್ಮಾನ ಆಗುತ್ತದೆ. ಒಳಗೆ ಬಂದ ಕಾರು ಒಳಗೇ ಸುತ್ತುತ್ತದೆ. ಬಸ್ಸು ಇಟ್ಟರೆ ಬರುವವರು ಬರಲಿ, ಕಾರು ಹೊರಗಿರಲಿ ಅಂದ ಹಾಗೆ. ಪ್ರವಾಸಿಗರಿಂದ ಬದುಕುವವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಅಂಗಡಿಯವರು ವಿರೋಧ ಮಾಡುತ್ತಾರೆ, ಅದಕ್ಕೆ ಸಿದ್ಧರಾಗಿರಿ. ಕಾರು ನಿಲ್ಲದಿದ್ದರೆ ವ್ಯಾಪಾರ ಇಲ್ಲ ಅಂತಾರೆ. ಅವರ ಭಯ ನಿಜವಾದದ್ದು, ತಳ್ಳಿಹಾಕಬೇಡಿ. ಅಂಗಡಿ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತಿರುವ ಕಾರು ಯಾರದ್ದು ಅಂತ ಒಂದು ದಿನ ಅವರೇ ನೋಡಲಿ. ಎಷ್ಟೋ ಸಲ ಅದು ಪಕ್ಕದ ಅಂಗಡಿಯ ಮಾಲೀಕರದ್ದೇ ಆಗಿರುತ್ತದೆ. ಗಿರಾಕಿ ನಡೆದೇ ಬಂದಿರುತ್ತಾರೆ. ಜೀಪಿನವರದ್ದು ಬೇರೆ ವಿಷಯ. ಪ್ರವಾಸಿಗರನ್ನು ಮಾಂದಲ್‌ಪಟ್ಟಿ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಜೀಪಿನ ಸಾಲ ಕಟ್ಟುತ್ತಿರುವ ಹುಡುಗರು ಬಹಳ ಇದ್ದಾರೆ. ಹೊಸ ವ್ಯವಸ್ಥೆಯಲ್ಲಿ ಅವರಿಗೆ ನಿಗದಿ ದರ, ನಿಗದಿ ಟ್ರಿಪ್, ಸರದಿ ಇರಬೇಕು ಅಂತ ನಿಮ್ಮ ಮನವಿಯಲ್ಲೇ ಬರೆಯಿರಿ. ಅವರೂ ನಮ್ಮ ಮಕ್ಕಳೇ.

ರೈಲು ಬಂದರೆ ಎಲ್ಲ ಸರಿಹೋಗುತ್ತೆ ಅಂತ ಯಾರಾದರೂ ಹೇಳಬಹುದು. ಮೈಸೂರಿನಿಂದ ಕುಶಾಲನಗರಕ್ಕೆ 87 ಕಿಲೋಮೀಟರ್ ರೈಲಿನ ಪ್ರಸ್ತಾವ ಬಹಳ ಕಾಲದಿಂದ ಇದೆ. ಕುಶಾಲನಗರದವರೆಗೆ ಬಂದು ಅಲ್ಲಿಂದ ಬಸ್ಸು ಸಿಕ್ಕಿದರೆ ನನ್ನ ತಕರಾರಿಲ್ಲ. ಅದನ್ನು ಕಾಡು ಸೀಳಿಕೊಂಡು ಘಟ್ಟ ಇಳಿಸುವ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಕುಶಾಲನಗರದ ವಿಷಯ ಬಂದಿದ್ದರಿಂದ ಒಂದು ಮಾತು. 2018 ಮತ್ತು 2019ರ ಪ್ರವಾಹದಲ್ಲಿ ಅಲ್ಲಿನ ಸಾಯಿ ಬಡಾವಣೆ, ಕುವೆಂಪು ಬಡಾವಣೆಗೆ ಕಾವೇರಿ ನುಗ್ಗಿತ್ತು. ಮಡಿಕೇರಿಯಲ್ಲಿ ಗುಡ್ಡದ ಅಂಚಿಗೆ ಮನೆ ಹೋಗುತ್ತಿದೆ, ಕುಶಾಲನಗರದಲ್ಲಿ ಹೊಳೆಯ ಅಂಚಿಗೆ. ಎರಡೂ ಕಡೆ ಕಾರಣ ಒಂದೇ, ಬಸ್ಸು ಹೋಗುವ ದಾರಿಯ ಪಕ್ಕದಲ್ಲಿ ಮಧ್ಯಮ ವರ್ಗದವರಿಗೆ ಕೈಗೆಟುಕುವ ಮನೆ ಇಲ್ಲ. ಮನೆ ದೂರ ಹೋದಷ್ಟೂ ಗಾಡಿ ಜಾಸ್ತಿ. ನಗರಾಭಿವೃದ್ಧಿ ಪ್ರಾಧಿಕಾರದವರು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುವಾಗ ಈ ಮಾತನ್ನು ಲಿಖಿತವಾಗಿ ಕೊಡಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಆ ಹಕ್ಕು ಕೊಟ್ಟಿದೆ. ಪೇಪರಿನಲ್ಲಿ ಸಣ್ಣ ಅಕ್ಷರದಲ್ಲಿ ಪ್ರಕಟಣೆ ಬರುತ್ತದೆ, ನಿಮ್ಮ ಬಡಾವಣೆಯಲ್ಲಿ ಯಾರಾದರೊಬ್ಬರಿಗೆ ಅದನ್ನು ನೋಡುವ ಕೆಲಸ ಹಚ್ಚಿ.

ಕೊನೆಯದಾಗಿ, ಮನವಿ ಯಾರಿಗೆ ಕೊಡಬೇಕು ಎಂಬುದು. ಎಲ್ಲವನ್ನೂ ನಗರಸಭೆಗೆ ಕೊಟ್ಟರೆ ಕೆಲಸ ಆಗುವುದಿಲ್ಲ. ಫುಟ್‌ಪಾತ್, ಬೀದಿದೀಪ, ಮೆಟ್ಟಿಲು, ಪಾರ್ಕಿಂಗ್ ಶುಲ್ಕ ನಗರಸಭೆಯದ್ದು. ಅದನ್ನು ಬಜೆಟ್ ಪೂರ್ವಭಾವಿ ಸಭೆಗೆ ತೆಗೆದುಕೊಂಡು ಹೋಗಿ, ಬಜೆಟ್ ಆದ ಮೇಲೆ ಹೋದರೆ ಮುಂದಿನ ವರ್ಷ ನೋಡೋಣ ಅಂತಾರೆ. ಪೇಟೆ ನಡುವೆ ಹೋಗುವ ಹೆದ್ದಾರಿಗೆ ಹೆದ್ದಾರಿ ವಿಭಾಗದವರನ್ನೂ ಕೇಳಬೇಕು. ಸರ್ಕಾರಿ ಬಸ್ಸಿಗೆ ಮಡಿಕೇರಿ ಡಿಪೋ ಮ್ಯಾನೇಜರ್, ಅದರ ಒಂದು ನಕಲು ಪುತ್ತೂರು ವಿಭಾಗೀಯ ಕಚೇರಿಗೆ. ಖಾಸಗಿ ಬಸ್ಸಿನ ಪರ್ಮಿಟ್, ಸಮಯಕ್ಕೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿಯವರೇ ಅಧ್ಯಕ್ಷರು. ವೀಕೆಂಡ್ ಪಾರ್ಕಿಂಗ್ ಮತ್ತು ಮಿನಿ ಬಸ್ಸಿನ ವಿಷಯವನ್ನೂ ಅವರ ಮುಂದೆಯೇ ಇಡಿ, ಯಾಕೆಂದರೆ ಪೊಲೀಸ್, ನಗರಸಭೆ, ಪ್ರವಾಸೋದ್ಯಮ ಇಲಾಖೆ ಮೂರನ್ನೂ ಒಂದು ಮೇಜಿಗೆ ಕೂರಿಸಲು ಅವರಿಗೆ ಮಾತ್ರ ಸಾಧ್ಯ.

ಹಾಗಾಗಿ ಒಂದು ಮನವಿ ಬದಲು ಮೂರು ಬರೆಯಿರಿ, ಒಂದೊಂದೂ ಒಂದೇ ಪುಟ. ಡಿಪೋದ್ದನ್ನು ಮೊದಲು ಕೊಡಿ. ಆ ಹುಡುಗಿಯರ ಜೊತೆ ಕೂತು ಮಾತಾಡಿ, ಅವರ ದಾರಿಯಲ್ಲಿ ಎಷ್ಟು ಸ್ಟಾಪು, ಕೊನೆಯ ಊರು ಯಾವುದು ಕೇಳಿಕೊಳ್ಳಿ. ಎರಡು ವಾರ ಬಸ್ ಸ್ಟ್ಯಾಂಡಿನಲ್ಲಿ ಎಣಿಸಿ. ಶುಕ್ರವಾರದ ಸಂತೆ ದಿನದ ಲೆಕ್ಕವನ್ನು ಬೇರೆ ಬರೆಯಿರಿ, ಆವತ್ತು ಜನ ಜಾಸ್ತಿ, ಅದನ್ನು ಉಳಿದ ದಿನದ ಜೊತೆ ಸೇರಿಸಿದರೆ ಡಿಪೋದವರು ಒಪ್ಪುವುದಿಲ್ಲ. ಆಮೇಲೆ ಕೊನೆಯ ಊರಿನ ಪಂಚಾಯಿತಿಗೆ ಹೋಗಿ, ಸಿಬ್ಬಂದಿಗೆ ಮಲಗಲು ಒಂದು ರೂಮು, ಶೌಚಾಲಯ ಕೊಡುತ್ತೇವೆ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಬನ್ನಿ. ಅದನ್ನು ಎಣಿಕೆಯ ಹಾಳೆಗಳ ಮೇಲಿಟ್ಟು ಪಿನ್ ಮಾಡಿ. ಡಿಪೋ ಮ್ಯಾನೇಜರ್ ಮೊದಲು ಓದುವುದು ಆ ಕಾಗದವನ್ನೇ.